ಬೆಟ್ಟ ಇಳಿದ ಮೂರನೇ ದಿನ

ಕುಮಾರ ಪರ್ವತಕ್ಕೆ ಮೊದಲ ಸಲ ಹೋಗಿ ಬಂದವರನ್ನು ಸೋಮವಾರ ಬೆಳಿಗ್ಗೆ ಸುಲಭವಾಗಿ ಗುರುತಿಸಬಹುದು. ಮೆಟ್ಟಿಲು ಹತ್ತುವಾಗ ಎಲ್ಲರ ಹಾಗೇ ಹತ್ತುತ್ತಾರೆ. ಇಳಿಯುವಾಗ ಮಾತ್ರ ಕಂಬಿ ಹಿಡಿದು, ಅಡ್ಡ ತಿರುಗಿ, ಒಂದೊಂದೇ ಕಾಲು ಕೆಳಗಿಡುತ್ತಾರೆ. ನನ್ನ ಬಾಡಿಗೆ ಮನೆ ಎರಡನೇ ಮಹಡಿಯಲ್ಲಿದೆ. ಶನಿವಾರ ಬೆಟ್ಟ ಹತ್ತಿ ಇಳಿದಿದ್ದೆ. ಭಾನುವಾರ ಪರವಾಗಿಲ್ಲ ಅನ್ನಿಸಿತ್ತು. ಸೋಮವಾರ ಹಾಲು ತರಲು ಹೊರಟರೆ ತೊಡೆಗಳು ಕಲ್ಲಿನ ಹಾಗೆ ಬಿಗಿದುಕೊಂಡಿದ್ದವು.

ಹತ್ತುವಾಗ ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಟ್ಟಿದ್ದೆ. ಇಳಿಯುವಾಗ ಮಾತಾಡಿಕೊಂಡು ಆರಾಮಾಗಿ ಬಂದಿದ್ದೆ. ಹಾಗಿದ್ದರೆ ಮೆಟ್ಟಿಲು ಇಳಿಯುವಾಗಲೇ ನೋವು ಯಾಕೆ ಬಂತು? ಈ ಪ್ರಶ್ನೆ ಹಿಡಿದು ಓದುತ್ತಾ ಹೋದಾಗ, ಬೆಟ್ಟದಿಂದ ನಮಗೆ ಏನು ಸಿಗುತ್ತದೆ ಅನ್ನುವ ಬಗ್ಗೆ ನನಗಿದ್ದ ಕಲ್ಪನೆಯೇ ಬದಲಾಯಿತು.

ನಾನು ಚಾರಣ ಶುರು ಮಾಡಿದ ಕುಕ್ಕೆ ಸುಬ್ರಹ್ಮಣ್ಯ ಸಮುದ್ರಮಟ್ಟದಿಂದ ಸುಮಾರು 120 ಮೀಟರ್ ಎತ್ತರದಲ್ಲಿದೆ. ಕುಮಾರ ಪರ್ವತದ ತುದಿ 1,712 ಮೀಟರ್. ಮೊದಲು ದಟ್ಟ ಕಾಡು, ಬೇರು ಕಲ್ಲುಗಳ ದಾರಿ, ಮಳೆ ಬಿಟ್ಟ ಹೊಸದರಲ್ಲಾದರೆ ಇಂಬಳದ ಕಾಟ. ಗಿರಿಗದ್ದೆಯ ಭಟ್ಟರ ಮನೆ ದಾಟಿದ ಮೇಲೆ ಬಹುಪಾಲು ನೆರಳಿಲ್ಲದ ಹುಲ್ಲುಗಾವಲು. ಆಮೇಲೆ ಕಲ್ಲು ಮಂಟಪ, ಶೇಷ ಪರ್ವತ, ಕೊನೆಗೆ ತುದಿ. ರಾಜ್ಯದಲ್ಲಿ ಇದಕ್ಕಿಂತ ಎತ್ತರದ ಬೆಟ್ಟಗಳಿವೆ. ಮುಳ್ಳಯ್ಯನಗಿರಿ 1,930 ಮೀಟರ್ ಇದೆ. ಆದರೆ ಅಲ್ಲಿ ಹೆಚ್ಚಿನ ಎತ್ತರವನ್ನು ವಾಹನವೇ ಹತ್ತಿಸಿಬಿಡುತ್ತದೆ. ಕುಕ್ಕೆಯ ಕಡೆಯಿಂದ ಹೊರಟರೆ ಪ್ರತಿ ಮೀಟರನ್ನೂ ಕಾಲೇ ಹತ್ತಬೇಕು.

ಸ್ವಲ್ಪ ಲೆಕ್ಕ ಹಾಕೋಣ. 60 ಕೆ.ಜಿ. ತೂಕದ ಮನುಷ್ಯ, ಬೆನ್ನಿಗೆ 5 ಕೆ.ಜಿ. ಬ್ಯಾಗು. ಇಷ್ಟನ್ನು 1,600 ಮೀಟರ್ ಮೇಲಕ್ಕೆ ಎತ್ತಲು ಸುಮಾರು 10 ಲಕ್ಷ ಜೂಲ್ ಕೆಲಸ ಬೇಕು. ಸ್ನಾಯು ತಾನು ಬಳಸುವ ಶಕ್ತಿಯಲ್ಲಿ ಹೆಚ್ಚೂಕಡಿಮೆ ಕಾಲು ಭಾಗವನ್ನಷ್ಟೇ ಕೆಲಸಕ್ಕೆ ಹಾಕುತ್ತದೆ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಅಂದರೆ ಬರೀ ಎತ್ತರ ಏರುವುದಕ್ಕೇ ಸುಮಾರು 1,000 ಕಿಲೋಕ್ಯಾಲರಿ ಖರ್ಚು. ದಾರಿಯಲ್ಲಿ ಭಟ್ಟರ ಮನೆಯಲ್ಲಿ ಉಂಡ ಬಿಸಿ ಅನ್ನ ಸಾಂಬಾರು ಅಷ್ಟು ರುಚಿಸಿದ್ದು ಸುಮ್ನೆ ಅಲ್ಲ.

ಇಳಿಯುವಾಗ ಆ 10 ಲಕ್ಷ ಜೂಲ್ ಎಲ್ಲಿಗಾದರೂ ಹೋಗಬೇಕಲ್ವಾ? ಘಾಟಿ ಇಳಿಯುವ ಲಾರಿಗೆ ಬ್ರೇಕ್ ಇದೆ, ಅದು ಕಾದ ವಾಸನೆ ದಾರಿಯಲ್ಲೇ ಮೂಗಿಗೆ ಬಡಿಯುತ್ತದೆ. ನಮ್ಮ ಬ್ರೇಕ್ ಅಂದರೆ ಮುಖ್ಯವಾಗಿ ತೊಡೆಯ ಮುಂಭಾಗದ ಸ್ನಾಯು. ಹತ್ತುವಾಗ ಅದು ಕುಗ್ಗುತ್ತಾ ನಮ್ಮನ್ನು ಎಳೆಯುತ್ತದೆ. ಇಳಿಯುವಾಗ ಬಿಗಿ ಹಿಡಿದುಕೊಂಡೇ ಉದ್ದವಾಗುತ್ತಾ ಹೋಗುತ್ತದೆ. ಹಗ್ಗಜಗ್ಗಾಟದಲ್ಲಿ ಹಗ್ಗ ಬಿಡದೆ, ಕಾಲೂರಿಕೊಂಡು, ಆದರೂ ಇಂಚಿಂಚೇ ಮುಂದಕ್ಕೆ ಜಾರುವ ತಂಡವನ್ನು ನೋಡಿದ್ದೀರಲ್ಲ, ಹಾಗೆ.

ಈ ಎರಡು ಕೆಲಸಗಳ ವ್ಯತ್ಯಾಸವನ್ನು 1952ರಲ್ಲಿ ಲಂಡನ್ನಿನಲ್ಲಿ ಚೆನ್ನಾಗಿ ತೋರಿಸಿದರು. ಆಬಟ್, ಬಿಗ್‌ಲ್ಯಾಂಡ್, ರಿಚಿ ಎಂಬ ಮೂವರು ವಿಜ್ಞಾನಿಗಳು ಎರಡು ಸೈಕಲ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿ ಚೈನಿನಿಂದ ಜೋಡಿಸಿದರು. ಒಬ್ಬರು ಮುಂದಕ್ಕೆ ತುಳಿಯಬೇಕು, ಇನ್ನೊಬ್ಬರು ಹಿಂದಕ್ಕೆ ತಿರುಗುವ ಪೆಡಲನ್ನು ತಡೆಯಬೇಕು. ರಾಯಲ್ ಸೊಸೈಟಿಯ ಸಭೆಯಲ್ಲಿ ಇದನ್ನು ಮಾಡಿ ತೋರಿಸಿದಾಗ ತುಳಿಯುತ್ತಿದ್ದವನು ದೊಡ್ಡ ಆಳು, ತಡೆಯುತ್ತಿದ್ದವಳು ಸಣ್ಣ ಮೈಕಟ್ಟಿನ ಹೆಂಗಸು. ಆಕೆ ಹೆಚ್ಚು ಶ್ರಮವಿಲ್ಲದೆ ಅವನನ್ನು ಸೋಲಿಸಿದಳು. ತಡೆಯುವ ಕೆಲಸಕ್ಕೆ ಬೇಕಾದ ಆಮ್ಲಜನಕ ಹಲವು ಪಟ್ಟು ಕಡಿಮೆ. ಇಳಿಯುವಾಗ ಏದುಸಿರು ಬರದಿರುವುದು ಇದಕ್ಕೇ.

ತೊಂದರೆಯೂ ಇಲ್ಲೇ ಇದೆ. ಎಳೆತಕ್ಕೆ ಸಿಕ್ಕ ಸ್ನಾಯುವಿನ ಒಂದೊಂದು ಎಳೆಯೂ ಹೆಚ್ಚು ಭಾರ ತಡೆಯಬಲ್ಲದು. ಹಾಗಾಗಿ ಇಳಿಯುವಾಗ ಕೆಲವೇ ಎಳೆಗಳು ಕೆಲಸಕ್ಕೆ ಇಳಿಯುತ್ತವೆ. ಇಡೀ ಮೈಭಾರ ಆ ಕೆಲವೇ ಎಳೆಗಳ ಮೇಲೆ ಬೀಳುತ್ತದೆ, ಸಾವಿರಾರು ಹೆಜ್ಜೆ, ಮತ್ತೆ ಮತ್ತೆ. ಒಳಗೆ ಸೂಕ್ಷ್ಮವಾದ ಸೀಳುಗಳಾಗುತ್ತವೆ. ಅಮೆರಿಕದ ಶರೀರವಿಜ್ಞಾನಿ ಥಿಯೋಡರ್ ಹಫ್ 1902ರಲ್ಲೇ ಇದನ್ನು ಊಹಿಸಿದ್ದರು. ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡು ನೋವು ಬರುತ್ತದೆ ಅನ್ನುವ ಮಾತು ಜಿಮ್‌ಗಳಲ್ಲಿ ಇವತ್ತಿಗೂ ಕೇಳುತ್ತದೆ, ಅದು ಸರಿಯಲ್ಲ. ಹೆಚ್ಚಾದ ಲ್ಯಾಕ್ಟೇಟ್ (ರಕ್ತದಲ್ಲಿ ಆ ಆಮ್ಲ ಇರುವ ರೂಪ) ವಿಶ್ರಾಂತಿ ಸಿಕ್ಕ ಒಂದೆರಡು ಗಂಟೆಯಲ್ಲೇ ಇಳಿದುಬಿಡುತ್ತದೆ. ನೋವು ಜೋರಾಗುವುದು ಎರಡನೇ, ಮೂರನೇ ದಿನ. ದೇಹ ಗಾಯವನ್ನು ರಿಪೇರಿ ಮಾಡುತ್ತಿರುವ ಹೊತ್ತು ಅದು. (ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಮಾತ್ರ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ. ಸ್ನಾಯು ವಿಪರೀತ ಹಾಳಾಗಿ ಕಿಡ್ನಿಗೆ ಪೆಟ್ಟು ಬೀಳುವ ಲಕ್ಷಣ ಅದು.)

ನನಗೆ ಈ ಇಡೀ ವಿಷಯದಲ್ಲಿ ಬಹಳ ಇಷ್ಟವಾದದ್ದು ಮುಂದಿನದು. ಒಮ್ಮೆ ಹೀಗೆ ಪೆಟ್ಟು ತಿಂದ ಸ್ನಾಯು, ಕೆಲವು ವಾರ ಬಿಟ್ಟು ಅದೇ ಕೆಲಸ ಮಾಡಿದರೆ ಅಷ್ಟು ನೋಯುವುದಿಲ್ಲ. ಒಂದೇ ಒಂದು ಸಲ ಸಾಕು. ಈ ರಕ್ಷಣೆ ವಾರಗಟ್ಟಲೆ ಇರುತ್ತದೆ, ಕೆಲವು ಪ್ರಯೋಗಗಳಲ್ಲಿ ಆರು ತಿಂಗಳವರೆಗೂ ಕಂಡಿದೆ. ನರಗಳು ಭಾರವನ್ನು ಹೆಚ್ಚು ಎಳೆಗಳಿಗೆ ಹಂಚಲು ಕಲಿಯುತ್ತವೆ. ಎಳೆಗಳ ಸುತ್ತಲಿನ ಹೊದಿಕೆ ಗಟ್ಟಿಯಾಗುತ್ತದೆ. ಮೊದಲ ಸಲ ಸ್ವಲ್ಪವೇ ನೋಯುವಷ್ಟು ಇಳಿದರೂ ಲಾಭ ಇದೆ. ಅದಕ್ಕೇ ದೊಡ್ಡ ಬೆಟ್ಟಕ್ಕೆ ಹೋಗುವ ಎರಡು ವಾರ ಮೊದಲು ಮೆಟ್ಟಿಲು ಹತ್ತುವುದಷ್ಟೇ ಅಲ್ಲ, ಇಳಿಯುವುದನ್ನೂ ಅಭ್ಯಾಸ ಮಾಡಿ. ಲಿಫ್ಟಿನಲ್ಲಿ ಇಳಿಯಬೇಡಿ.

ಇನ್ನು ಖುಷಿಯ ಮಾತು. ತುದಿ ಕಂಡ ಸಂತೋಷ ಅಂತ ನಾವು ಅಂದುಕೊಳ್ಳುತ್ತೇವೆ. ನನಗೆ ಅದು ಬಂದದ್ದು ಕಲ್ಲು ಮಂಟಪಕ್ಕೂ ಮೊದಲೇ. ತುದಿ ಇನ್ನೂ ಮೋಡದಲ್ಲಿತ್ತು. ಅಂಗಿ ಬೆವರಿಗೆ ಅಂಟಿತ್ತು. ಕಾರಣವೇ ಇಲ್ಲದೆ ಮನಸ್ಸು ಹಗುರಾಯಿತು. ಇದಕ್ಕೆ ಬಹಳ ಕಾಲ ಎಂಡಾರ್ಫಿನ್, ಅಂದರೆ ದೇಹವೇ ತಯಾರಿಸುವ ನೋವು ನಿವಾರಕ, ಕಾರಣ ಅನ್ನುತ್ತಿದ್ದರು. ಆದರೆ ರಕ್ತದಲ್ಲಿ ಏರುವ ಎಂಡಾರ್ಫಿನ್ ಸುಲಭವಾಗಿ ಮೆದುಳಿಗೆ ದಾಟುವುದಿಲ್ಲ. ಸಲೀಸಾಗಿ ದಾಟುವ ಇನ್ನೊಂದು ವಸ್ತುವನ್ನು 1992ರಲ್ಲಿ ಜೆರುಸಲೇಮಿನಲ್ಲಿ ರಫಾಯಲ್ ಮೆಶೂಲಂ ಅವರ ಪ್ರಯೋಗಾಲಯದವರು ಹಂದಿಯ ಮೆದುಳಿನಿಂದ ಬೇರ್ಪಡಿಸಿದರು. ಅದಕ್ಕೆ ಅವರಿಟ್ಟ ಹೆಸರು ಆನಂದಮೈಡ್. ಹೌದು, ನಮ್ಮ ‘ಆನಂದ’ವೇ.

2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಆರೋಗ್ಯವಂತರ ಒಂದು ಸಣ್ಣ ಗುಂಪನ್ನು 3,000 ಮೀಟರಿಗಿಂತ ಎತ್ತರದ ಜಾಗಕ್ಕೆ ಒಮ್ಮೆ ನಡೆಸಿಕೊಂಡು ಹೋದರು, ಇನ್ನೊಮ್ಮೆ ಹೆಲಿಕಾಪ್ಟರಿನಲ್ಲಿ ಒಯ್ದರು. ನಡೆದು ಹತ್ತಿದಾಗ ರಕ್ತದ ಆನಂದಮೈಡ್ ಏರಿತು. ಹೆಲಿಕಾಪ್ಟರಿನಲ್ಲಿ ಹೋದಾಗ ಏರಲಿಲ್ಲ. ಎತ್ತರ ಅದೇ, ಕಾಣುವ ನೋಟವೂ ಅದೇ. ಖುಷಿಯೆಲ್ಲ ಒಂದೇ ಅಣುವಿನ ಕೆಲಸ ಅಂತ ನಾನು ಹೇಳುತ್ತಿಲ್ಲ, ಮನುಷ್ಯನ ಸಂತೋಷ ಅಷ್ಟು ಸರಳವಲ್ಲ. ಆದರೂ ದೇಹ ಅದನ್ನು ತುದಿಯಲ್ಲಿ ಅಲ್ಲ, ದಾರಿಯಲ್ಲೇ ತಯಾರಿಸುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನಾನು ಕಂಡಿಲ್ಲ. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ ಜೋರಾಗಿ ಓಡಿದ ಮನುಷ್ಯರಲ್ಲೂ ನಾಯಿಗಳಲ್ಲೂ ಆನಂದಮೈಡ್ ಹೆಚ್ಚಿತ್ತು, ಮುಂಗುಸಿಯ ಹಾಗೆ ಕಾಣುವ ಫೆರೆಟ್‌ಗಳಲ್ಲಿ ಹೆಚ್ಚಲಿಲ್ಲ. ಊರ ನಾಯಿಗಳು ಚಾರಣಿಗರ ಹಿಂದೆ ಬೆಟ್ಟ ಹತ್ತುವುದು ಬರೀ ಬಿಸ್ಕತ್ತಿನ ಆಸೆಗೆ ಇರಲಾರದು ಅಂತ ಇದನ್ನು ಓದಿದಾಗಿನಿಂದ ನನಗೆ ಅನ್ನಿಸುತ್ತದೆ.

ಆ ಮೊದಲ ಸಲ ಹೋದಾಗ ನನ್ನ ಕೆಲಸ ಹೋಗಿ ನಾಲ್ಕು ತಿಂಗಳಾಗಿತ್ತು. ರಾತ್ರಿ ಎರಡಕ್ಕೆ ಎಚ್ಚರವಾಗುತ್ತಿತ್ತು. ಎಲ್ಲಿ ತಪ್ಪಿದೆ, ಯಾರು ಏನಂದರು, ಮುಂದೇನು, ಅದನ್ನೇ ಮನಸ್ಸು ಮೆಲುಕು ಹಾಕುತ್ತಿತ್ತು. ಮನಶ್ಶಾಸ್ತ್ರಜ್ಞರು ಇದಕ್ಕೆ ಇಟ್ಟಿರುವ ಹೆಸರಿನ ಅರ್ಥವೂ ಮೆಲುಕು ಹಾಕುವುದು ಅಂತಲೇ. 2015ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 38 ಜನರಲ್ಲಿ ಕೆಲವರನ್ನು ಹುಲ್ಲು ಮರಗಳ ನಡುವೆ, ಉಳಿದವರನ್ನು ವಾಹನ ತುಂಬಿದ ರಸ್ತೆ ಪಕ್ಕ 90 ನಿಮಿಷ ನಡೆಯಲು ಕಳಿಸಿದರು. ಹಸಿರಿನ ನಡುವೆ ನಡೆದವರಲ್ಲಿ ಈ ಮೆಲುಕು ಕಡಿಮೆಯಾಯಿತು. ಅದಕ್ಕೆ ಸಂಬಂಧಪಟ್ಟ ಮೆದುಳಿನ ಭಾಗದ ಚಟುವಟಿಕೆಯೂ ಇಳಿಯಿತು. ಅವರೆಲ್ಲ ಆರೋಗ್ಯವಂತರು. ಖಿನ್ನತೆ ಇರುವವರಿಗೆ ಡಾಕ್ಟರ ಬದಲು ಬೆಟ್ಟ ಅಂತ ದಯವಿಟ್ಟು ಯಾರೂ ಹೇಳಬೇಡಿ. ನನ್ನ ಮಟ್ಟಿಗೆ, ಮುಂದಿನ ಹೆಜ್ಜೆ ಯಾವ ಕಲ್ಲಿನ ಮೇಲೆ ಅನ್ನುವುದೊಂದೇ ಯೋಚನೆಯಾಗಿದ್ದ ಆ ಕೆಲವು ಗಂಟೆ ದೊಡ್ಡದಾಗಿತ್ತು.

ಐದು ವಾರ ಬಿಟ್ಟು ಮತ್ತೆ ಹೋದೆ. ಕೆಲಸ ಇನ್ನೂ ಸಿಕ್ಕಿರಲಿಲ್ಲ. ಈ ಸಲ ಕಾಡಿನಲ್ಲಿ ಬಿದ್ದಿದ್ದ ಒಂದು ಕೋಲು ಹಿಡಿದು, ಮಂಡಿ ಸ್ವಲ್ಪ ಬಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಇಟ್ಟು ಇಳಿದೆ. ಸೋಮವಾರ ಬೆಳಿಗ್ಗೆ ಎದ್ದು ಹಾಲು ತರಲು ಹೋದೆ. ಅಂಗಡಿಯವನಿಗೆ ಚಿಲ್ಲರೆ ಎಣಿಸಿ ಕೊಡುವಾಗ ನೆನಪಾಯಿತು, ಮೆಟ್ಟಿಲಲ್ಲಿ ಕಂಬಿ ಹಿಡಿದಿರಲೇ ಇಲ್ಲ.