ತಿಳಿವಲಯ ಕಂಡರೆ ಬಯೋಫಿಲ್ಮ್ ತಡೆದಂತೆಯೇ?

ಪ್ರಶ್ನೆ: ಡೊಂಬಿವಲಿಯಲ್ಲಿದ್ದು ಎಂ.ಎಸ್ಸಿ. ಓದುತ್ತಿದ್ದೇನೆ. ಧಾರವಾಡದಿಂದ ಅಜ್ಜಿ ಕಳಿಸಿದ ಲಕ್ಕಿ ಸೊಪ್ಪಿನ ಸಾರ ಹಾಕಿದಾಗ ಅಗರ್ ಎಂಬ ಪೋಷಕ ಜೆಲ್ಲಿಯ ತಟ್ಟೆಯಲ್ಲಿ ಸ್ಟ್ಯಾಫಿಲೋಕಾಕಸ್ ಬ್ಯಾಕ್ಟೀರಿಯಾ ಬೆಳೆಯದ ತಿಳಿವಲಯ ಕಾಣಿಸಿತು. ಸಾರ ಬಯೋಫಿಲ್ಮನ್ನೂ ತಡೆಯುತ್ತದೆ ಎಂದು ಬರೆಯಬಹುದೇ?

ಉತ್ತರ: ಈಗಲೇ ಬರೆಯಬೇಡಿ. ಸಾರದಲ್ಲಿರುವ ಯಾವುದೋ ಅಂಶ ಅಗರ್‌ನಲ್ಲಿ ಹರಡಿ ಬೆಳವಣಿಗೆಯನ್ನು ತಡೆದಿದೆ ಎಂಬಷ್ಟನ್ನೇ ಆ ವಲಯ ಹೇಳುತ್ತದೆ. ಎಷ್ಟು ಬಲವಾಗಿ ತಡೆದಿದೆ ಎಂಬುದಕ್ಕೆ ಅದರ ಅಳತೆಯನ್ನು ನಂಬುವಂತಿಲ್ಲ. ಎಣ್ಣೆಯಂಶದ ಘಟಕಗಳು ಅಗರ್‌ನಲ್ಲಿ ದೂರ ಸಾಗುವುದಿಲ್ಲ, ಹಾಗಾಗಿ ಅವು ಬಲವಾಗಿದ್ದರೂ ವಲಯ ಚಿಕ್ಕದಾಗಿಯೇ ಕಾಣಬಹುದು.

ಬೆಳಗ್ಗೆ ಎದ್ದಾಗ ಹಲ್ಲಿನ ಮೇಲೆ ನಾಲಗೆಗೆ ತಾಗುವ ಲೋಳೆ ಇದೆಯಲ್ಲ, ಅದು ಬಯೋಫಿಲ್ಮ್. ಬ್ಯಾಕ್ಟೀರಿಯಾಗಳು ಮೇಲ್ಮೈಗೆ ಅಂಟಿಕೊಂಡು, ತಾವೇ ಸ್ರವಿಸಿದ ಅಂಟಿನೊಳಗೆ ಗುಂಪುಗೂಡಿ ಬದುಕುತ್ತವೆ. ಅಲ್ಲಿ ಅವು ಔಷಧವನ್ನು ಬಹಳ ಹೆಚ್ಚು ತಾಳಿಕೊಳ್ಳುತ್ತವೆ. ಹಾಗಾಗಿ ಅದಕ್ಕೆ ಬೇರೆಯೇ ಪರೀಕ್ಷೆ ಬೇಕು.

ಮೊದಲು 96 ಗುಳಿಗಳ ಪ್ಲೇಟಿನಲ್ಲಿ ಸಾರವನ್ನು ಅರ್ಧರ್ಧ ತೆಳುಗೊಳಿಸುತ್ತಾ ಹೋಗಿ, ಬೆಳವಣಿಗೆ ನಿಲ್ಲಿಸುವ ಕನಿಷ್ಠ ಪ್ರಮಾಣವನ್ನು, ಅಂದರೆ ಎಂಐಸಿಯನ್ನು ಕಂಡುಕೊಳ್ಳಿ. ಅದು ಮಿಲಿಲೀಟರಿಗೆ 4 ಮಿಲಿಗ್ರಾಂ ಎಂದುಕೊಳ್ಳೋಣ. ಬಯೋಫಿಲ್ಮ್ ಪರೀಕ್ಷೆಯನ್ನು ಅದಕ್ಕಿಂತ ಕಡಿಮೆ, ಅಂದರೆ 2, 1, 0.5 ಮಿಲಿಗ್ರಾಂಗಳಲ್ಲಿ ಮಾಡಬೇಕು. ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಬ್ಯಾಕ್ಟೀರಿಯಾ ಬೆಳೆಯದ ಗುಳಿಯಲ್ಲಿ ಬಯೋಫಿಲ್ಮ್ ಕಟ್ಟದಿದ್ದರೆ ಅದು ಸಾರದ ಹೊಸ ಗುಣವೇನೂ ಆಗುವುದಿಲ್ಲ. ಅವು ಚೆನ್ನಾಗಿ ಬೆಳೆದಿದ್ದೂ ಗೋಡೆಗೆ ಅಂಟಿಕೊಳ್ಳದಿದ್ದರೆ ಮಾತ್ರ ನಿಮ್ಮ ಮಾತಿಗೆ ಆಧಾರ ಸಿಕ್ಕಿತು. ಆದ್ದರಿಂದ ತೊಳೆಯುವ ಮುನ್ನ 600 ನ್ಯಾನೋಮೀಟರ್ ತರಂಗಾಂತರದ ಬೆಳಕಿನಲ್ಲಿ ದ್ರವದ ಮಬ್ಬನ್ನು ನೋಡಿ ಬೆಳವಣಿಗೆಯನ್ನು ಅಳೆದುಕೊಳ್ಳಿ. ಆಮೇಲೆ ಮೆಲ್ಲಗೆ ತೊಳೆದು, ಕ್ರಿಸ್ಟಲ್ ವಯೊಲೆಟ್ ಎಂಬ ನೇರಳೆ ಬಣ್ಣ ಹಾಕಿ, ಮತ್ತೆ ತೊಳೆದು, ಅಂಟಿ ಉಳಿದ ಬಣ್ಣವನ್ನು ಶೇ. 33ರ ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಅಳೆಯಿರಿ. ಈ ಬಣ್ಣ ಸತ್ತ ಕೋಶಗಳಿಗೂ ಅಂಟಿಗೂ ಹಿಡಿಯುತ್ತದೆ ಎಂಬುದು ನೆನಪಿರಲಿ.

ಸೊಪ್ಪಿನ ಹಸಿರು ಬಣ್ಣವೂ ಓದಿಕೆಯನ್ನು ಕೆಡಿಸುತ್ತದೆ. ಬ್ಯಾಕ್ಟೀರಿಯಾ ಇಲ್ಲದೆ ಸಾರ ಮಾತ್ರ ಇರುವ ಗುಳಿಗಳನ್ನು ಇಡಿ. ಸಾರವನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದರೆ ಅಷ್ಟೇ ಡಿಎಂಎಸ್‌ಒ ಇರುವ ಗುಳಿಗಳೂ ಬೇಕು. ಆಗಲೇ ಕಟ್ಟಿಕೊಂಡ ಬಯೋಫಿಲ್ಮನ್ನು ಒಡೆಯುವುದು ಇನ್ನೊಂದೇ ಪ್ರಶ್ನೆ. ತಡೆಯುವ ಸಾರ ಒಡೆಯಲಾರದೆ ಹೋಗಬಹುದು.

ಇನ್ನು ಗಿಡದ ಗುರುತು. ಅಜ್ಜಿಗೆ ಅದು ಲಕ್ಕಿ, ಇಲ್ಲಿನ ಮರಾಠಿಗರಿಗೆ ನಿರ್ಗುಡಿ, ಪ್ರಬಂಧದಲ್ಲಿ ವೈಟೆಕ್ಸ್ ನೆಗುಂಡೊ. ಒಂದೆಲಗವನ್ನೂ ನೀರುಬ್ರಾಹ್ಮಿಯನ್ನೂ ಜನ ‘ಬ್ರಾಹ್ಮಿ’ ಎಂದೇ ಕರೆಯುವಾಗ ಹೆಸರನ್ನಷ್ಟೇ ನಂಬಿ ಕೂರಲಾಗದು. ಗಿಡವನ್ನು ತಜ್ಞರಿಂದ ಗುರುತಿಸಿಕೊಳ್ಳಿ: ಮುಂಬಯಿಯ ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಒಣಗಿಸಿದ ಸಸ್ಯಗಳ ಸಂಗ್ರಹವಾದ ಬ್ಲಾಟರ್ ಹರ್ಬೇರಿಯಂ ಇದೆ, ಪುಣೆಯಲ್ಲಿ ಭಾರತೀಯ ಸಸ್ಯವಿಜ್ಞಾನ ಸರ್ವೇಕ್ಷಣೆಯ ಪಶ್ಚಿಮ ಪ್ರಾದೇಶಿಕ ಕೇಂದ್ರವಿದೆ. ಮುಂದಿನ ಸಲ ಅಜ್ಜಿಗೆ ಹೇಳಿ, ಸೊಪ್ಪಿನ ಜೊತೆಗೆ ನೀಲಿ ಹೂವಿರುವ ಒಂದು ಟೊಂಗೆಯನ್ನೂ ಕಾಗದದ ನಡುವೆ ಒತ್ತಿ ಒಣಗಿಸಿ ಕಳಿಸಲಿ.