ಬರೆಯುವಾಗ ನನಗೆ ಅಳು ಬಂತು, ಓದಿದವರಿಗೆ ಯಾಕೆ ಬರಲಿಲ್ಲ?

ಪ್ರಶ್ನೆ: ಅಪ್ಪ ತೀರಿಕೊಂಡು ಒಂದೂವರೆ ವರ್ಷ ಆಯ್ತು. ಆ ದಿನದ ಬಗ್ಗೆ ಒಂದು ಕಥೆ ಬರೆದೆ. ನಡೆದದ್ದನ್ನು ನಡೆದ ಹಾಗೆಯೇ ಬರೆದಿದ್ದೇನೆ, ಒಂದಕ್ಷರ ಸುಳ್ಳಿಲ್ಲ. ಬರೆಯುವಾಗ ಎರಡು ಸಲ ಪೆನ್ನು ಕೆಳಗಿಟ್ಟು ಅತ್ತಿದ್ದೇನೆ. ಆದರೆ ಓದಿದ ಗೆಳತಿಯರು "ಚೆನ್ನಾಗಿದೆ, ಡೈರಿ ಥರ ಇದೆ" ಅಂದರು. ಅಪ್ಪನ ಟಿವಿಎಸ್ ಗಾಡಿ ಈಗಲೂ ಮನೆ ಮುಂದೆ ನಿಂತಿದೆ. ತಮ್ಮ ದಿನಾ ಬೆಳಗ್ಗೆ ಅದನ್ನು ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾನೆ. ಅಷ್ಟು ಹಸಿ ನೋವು ಇದು. ಇಂಥದ್ದೂ ಕಥೆ ಆಗದಿದ್ದರೆ ಇನ್ಯಾವುದು ಆಗುತ್ತೆ? ಕಥೆಗಾರರು ಬದುಕನ್ನು ಕಥೆ ಮಾಡುವುದು ಹೇಗೆ? (ಚಿಂತಾಮಣಿಯ ಓದುಗರು)

ಉತ್ತರ: ಮೊದಲು ಒಂದು ಮಾತು. ನಿಮ್ಮ ನೋವು ಕಡಿಮೆಯದ್ದು ಅಂತ ಯಾರೂ ಹೇಳುತ್ತಿಲ್ಲ. ನಿಮ್ಮ ಗೆಳತಿಯರೂ ಹಾಗೆ ಅಂದುಕೊಂಡಿರಲಿಕ್ಕಿಲ್ಲ. ಬರೆಯೋಕೆ ಶುರು ಮಾಡಿದವರಲ್ಲಿ ಹೆಚ್ಚು ಕಡಿಮೆ ಎಲ್ಲರೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಕೇಳುತ್ತಾರೆ. ನಾನೂ ಕೇಳಿದ್ದೆ.

ನೀವು 'ಅಪ್ಪ' ಅಂತ ಬರೆದ ಕೂಡಲೇ ನಿಮಗೆ ಅವರ ನಡಿಗೆ, ಕೆಮ್ಮು, ಅಂಗಿ ಜೇಬು, ಅವರು ಬೈದ ದಿನ, ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆಗೆ ಕರೆದುಕೊಂಡು ಹೋದ ದಿನ ಎಲ್ಲ ಒಟ್ಟಿಗೆ ಬಂದಿರುತ್ತವೆ. ಓದುವವರಿಗೆ ಸಿಕ್ಕಿದ್ದು ಎರಡಕ್ಷರದ ಒಂದು ಪದ. ನಿಮ್ಮನ್ನು ಅಳಿಸಿದ್ದು ನಿಮ್ಮ ನೆನಪು. ಆ ನೆನಪು ಇನ್ನೂ ಹಾಳೆಯ ಮೇಲೆ ಇಳಿದಿಲ್ಲ. ಇಳಿಸೋದು ಹೇಗೆ ಅನ್ನೋದೇ ನಿಮ್ಮ ಪ್ರಶ್ನೆ, ಅಲ್ವಾ?

ನನಗೆ ಇದು ಅರ್ಥ ಆಗಿದ್ದು ಒಂದು ಬೋರ್‌ವೆಲ್ ಕಥೆಯಿಂದ. ಅದನ್ನೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮದು ಶಿಡ್ಲಘಟ್ಟದ ಕಡೆಯ ಹಳ್ಳಿ. ರೇಷ್ಮೆ ಸಾಕುವ ಮನೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೆರೆ ಬತ್ತಿದರೆ ಬೋರೇ ಗತಿ. ನನಗೆ 10 ವರ್ಷ ಇದ್ದಾಗ ಅಪ್ಪ ಸಾಲ ಮಾಡಿ ಮೂರನೇ ಬೋರ್ ಕೊರೆಸಿದರು. ಪಾಯಿಂಟ್ ನೋಡುವವರು ಬಂದು, ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಓಡಾಡಿದರು. ಕಾಯಿ ಎದ್ದು ನಿಂತ ಕಡೆ ಕಲ್ಲಿಟ್ಟು ಪೂಜೆ ಮಾಡಿದ್ದಾಯ್ತು. ಸಂಜೆ ರಿಗ್ ಲಾರಿ ಬಂತು. ರಾತ್ರಿಯೆಲ್ಲ ಕೊರೆಯಿತು. ಇಳಿಯುವ ಒಂದೊಂದು ರಾಡನ್ನೂ ಎಣಿಸುತ್ತಾ ಅಪ್ಪ ನಿಂತೇ ಇದ್ದರು. ಬೆಳಗಾಗುವ ಹೊತ್ತಿಗೆ 1,200 ಅಡಿ ದಾಟಿತ್ತು. ಬಂದಿದ್ದು ಬರೀ ಧೂಳು.

22ನೇ ವಯಸ್ಸಿನಲ್ಲಿ ಇದನ್ನು ಕಥೆ ಮಾಡಿದೆ. 'ಅಪ್ಪನ ಕನಸು ನುಚ್ಚುನೂರಾಯಿತು' ಅಂತ ಬರೆದೆ. 'ಅವರ ಎದೆಯ ಬಾವಿಯೂ ಬತ್ತಿತು' ಅಂತ ಬರೆದೆ. ಬರೆದು ಮುಗಿಸಿ ಎದುರುಮನೆ ಅಜ್ಜಿಗೆ ಓದಿ ಹೇಳಿದೆ. ಅಜ್ಜಿಗೆ ಓದು ಬರುವುದಿಲ್ಲ. ಆದರೆ ಆ ರಾತ್ರಿ ನಮ್ಮ ಜೊತೆ ಬದುವಿನ ಮೇಲೆ ಕೂತಿದ್ದವರು. ಅವರೆಕಾಳು ಹಿತಕುತ್ತಾ ಪೂರ್ತಿ ಕೇಳಿದರು. ಆಮೇಲೆ ಕೇಳಿದರು: "ಎಲ್ಲ ಸರಿ ಕಣಪ್ಪಾ, ಅವತ್ತು ಹುಳಕ್ಕೆ ಸೊಪ್ಪು ಹಾಕಿದ್ದು ಯಾರು?"

ನನ್ನ ಕಥೆಯಲ್ಲಿ ಹುಳವೇ ಇರಲಿಲ್ಲ.

ರೇಷ್ಮೆ ಸಾಕದವರಿಗೆ ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅಂತಾರೆ. ಜ್ವರದಲ್ಲಿದ್ದಾಗ ಏನೂ ತಿನ್ನದೆ ತಲೆ ಎತ್ತಿಕೊಂಡು ಸುಮ್ನೆ ಇರುತ್ತದೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ಹಸಿವು ಅಂದರೆ ಹಸಿವು. ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ನೂರಕ್ಕೆ 80 ಭಾಗ ಆ ಕೊನೆಯ ಏಳೆಂಟು ದಿನದಲ್ಲೇ ಖರ್ಚಾಗುತ್ತದೆ. ಆಗ ಸೊಪ್ಪು ಕಡಿಮೆಯಾದರೆ ಗೂಡು ತೆಳುವಾಗುತ್ತದೆ. ಮನೆಯಲ್ಲಿ ಏನೇ ಆಗಲಿ, ಸಾವೇ ಆಗಲಿ, ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಲೇಬೇಕು.

ಅಜ್ಜಿ ಕೇಳಿದ ಕೂಡಲೇ ನನ್ನ ಕಣ್ಣ ಮುಂದೆ ಹಿಪ್ಪುನೇರಳೆ ತೋಟ ಬಂತು. ರಿಗ್ ಎಬ್ಬಿಸಿದ ಕಲ್ಲುಪುಡಿ ಗಾಳಿಗೆ ಹಾರಿ ತೋಟದ ಮೇಲೆಲ್ಲ ಕೂತಿತ್ತು. ಎಲೆಗಳು ಬೆಳ್ಳಗೆ, ಹಿಟ್ಟು ಜಲ್ಲಿಸಿದ ಹಾಗೆ. ಧೂಳು ಸೊಪ್ಪು ಹುಳಕ್ಕೆ ಆಗುವುದಿಲ್ಲ. ತೊಳೆದು ಹಾಕೋಣ ಅಂದರೆ ಒದ್ದೆ ಸೊಪ್ಪಿನಿಂದ ರೋಗ ಬರುತ್ತದೆ. ತೊಳೆಯೋಕೆ ನೀರಾದರೂ ಎಲ್ಲಿತ್ತು? ಅಮ್ಮ ಒಂದು ಹಳೇ ಸೀರೆ ಹರಿದುಕೊಂಡು, ಒಣ ಬಟ್ಟೆಯಲ್ಲಿ ಒಂದೊಂದೇ ಎಲೆ ಒರೆಸುತ್ತಾ ಕೂತಿದ್ದಳು. ಎಲೆಯ ಮೇಲ್ಭಾಗ ಒಂದು ಸಲ, ತಿರುಗಿಸಿ ಕೆಳಭಾಗ ಒಂದು ಸಲ.

ಎರಡನೇ ಸಲ ಬರೆದಾಗ ಕಥೆಯನ್ನು ಅಲ್ಲಿಂದ ಶುರು ಮಾಡಿದೆ. ರಿಗ್ ಲಾರಿ ಆಗಲೇ ಹೊರಟು ಹೋಗಿದೆ. ಅಮ್ಮ ಎಲೆ ಒರೆಸುತ್ತಿದ್ದಾಳೆ. ಹುಡುಗ ಒರೆಸಿದ ಸೊಪ್ಪನ್ನು ಬುಟ್ಟಿಗೆ ತುಂಬಿ ಹುಳದ ಮನೆಗೆ ಹೊರುತ್ತಿದ್ದಾನೆ. ಸ್ವಲ್ಪ ಹೊತ್ತಿಗೆ ಅಪ್ಪ ಬಂದು ಅಮ್ಮನ ಪಕ್ಕ ಕೂರುತ್ತಾರೆ. ಹೆಗಲ ಮೇಲಿನ ಟವೆಲ್ ತೆಗೆದು ಒಂದು ಎಲೆ ಒರೆಸುತ್ತಾರೆ. ಇನ್ನೊಂದು ಎಲೆ ತೆಗೆದುಕೊಳ್ಳುತ್ತಾರೆ. ಇಬ್ಬರೂ ಮಾತಾಡುವುದಿಲ್ಲ. ಹುಡುಗ ತಟ್ಟೆಗಳಿಗೆ ಸೊಪ್ಪು ಹಾಕುತ್ತಾನೆ. ಸಾವಿರಾರು ಹುಳ ಒಟ್ಟಿಗೆ ತಿನ್ನುವಾಗ ಸೋನೆ ಮಳೆ ಹಿಡಿದ ಹಾಗೆ ಸದ್ದು ಬರುತ್ತದೆ. ಹುಳದ ಮನೆಯೊಳಗೆ ಮಳೆ ಸದ್ದು, ಹೊರಗೆ ಬಿಸಿಲು. ಅಲ್ಲಿಗೆ ನಿಲ್ಲಿಸಿದೆ.

ಅಜ್ಜಿ ಈ ಸಲ ಕೇಳಿದ್ದು: "ಆ ಬೆಳೆ ಗೂಡು ಎಷ್ಟಕ್ಕೆ ಹೋಯ್ತು?" ಕಥೆ ಮುಗಿದರೂ ಅಜ್ಜಿ ಇನ್ನೂ ಆ ಮನೆಯೊಳಗೇ ಇದ್ದರು. ನನಗೆ ಅಷ್ಟು ಸಾಕಾಗಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ದೊಡ್ಡ ನೋವಿನ ಹೊತ್ತಿನಲ್ಲಿ ನಮ್ಮ ಕಣ್ಣು ನೇರವಾಗಿ ನೋವನ್ನೇ ನೋಡುವುದಿಲ್ಲ. ಪಕ್ಕದಲ್ಲಿರುವ ಯಾವುದೋ ಒಂದು ಸಣ್ಣದರ ಮೇಲೆ ಹೋಗಿ ನಿಲ್ಲುತ್ತದೆ. ಸಾವಿನ ಮನೆಯಲ್ಲಿ ಬಂದವರಿಗೆ ಕಾಫಿ ಸಾಲದೆ ಹಾಲಿಗೆ ಅಂತ ಓಡುವ ಹುಡುಗನ ಮೇಲೆ. ಆಸ್ಪತ್ರೆಯ ಬೆಂಚಿನ ಕೆಳಗೆ ಯಾರೋ ಬಿಟ್ಟುಹೋದ ಒಂಟಿ ಚಪ್ಪಲಿಯ ಮೇಲೆ. ಮನಸ್ಸು ಆ ದಿನದ ನೋವನ್ನು ತೆಗೆದಿಡುವುದು ಅಲ್ಲೇ. ವರ್ಷಗಳಾದ ಮೇಲೆ 'ತುಂಬಾ ದುಃಖವಾಯಿತು' ಅನ್ನೋ ಸಾಲು ನಮಗೇ ಸಪ್ಪೆ ಆಗಿರುತ್ತದೆ, ಆದರೆ ಆ ಚಪ್ಪಲಿ ನೆನಪಾದರೆ ಗಂಟಲು ಕಟ್ಟುತ್ತದೆ. ಕಥೆಗಾರರು ಹುಡುಕುವುದು ಅದನ್ನು.

ಇದು ಬಹಳ ಹಳೆಯ ತಿಳುವಳಿಕೆ. 9ನೇ ಶತಮಾನದಲ್ಲಿ ಕಾಶ್ಮೀರದ ಕಾವ್ಯಮೀಮಾಂಸಕ ಆನಂದವರ್ಧನ, ರಸದ (ಓದುವವರಲ್ಲಿ ಏಳುವ ಭಾವದ ಅನುಭವದ) ಹೆಸರನ್ನು ಹೇಳಿದ ಮಾತ್ರಕ್ಕೆ ರಸ ಹುಟ್ಟುವುದಿಲ್ಲ ಅಂತ ವಾದಿಸಿದ. 'ಶೋಕ, ಶೋಕ' ಅಂತ ನೂರು ಸಲ ಬರೆದರೂ ಓದುವವರಿಗೆ ಶೋಕ ಆಗದು. ಶೋಕಕ್ಕೆ ಕಾರಣವಾದದ್ದನ್ನು ತೋರಿಸಬೇಕು, ಶೋಕಪಟ್ಟವರು ಏನು ಮಾಡಿದರು ಅನ್ನೋದನ್ನು ತೋರಿಸಬೇಕು. ಆಗ ಅದು ಓದುವವರ ಒಳಗೆ ತಾನಾಗಿ ಏಳುತ್ತದೆ. ರಷ್ಯಾದ ಕಥೆಗಾರ ಚೆಕಾಫ್ 1892ರಲ್ಲಿ ಒಬ್ಬ ಲೇಖಕಿಗೆ ಬರೆದ ಕಾಗದದಲ್ಲೂ ಇಂಥದ್ದೇ ಮಾತಿದೆ. ದುಃಖದಲ್ಲಿರುವವರನ್ನು ಚಿತ್ರಿಸಿ ಓದುವವರ ಮನಸ್ಸು ಕರಗಿಸಬೇಕು ಅಂದರೆ ಬರೆಯುವವರು ಇನ್ನಷ್ಟು ತಣ್ಣಗಿರಬೇಕು ಅನ್ನೋದು ಅವನ ಸಲಹೆ.

ತಣ್ಣಗಿರುವುದು ಅಂದರೆ ಪ್ರೀತಿ ಇಲ್ಲದಿರುವುದು ಅಂತ ತಿಳಿಯಬೇಡಿ. ಮುಳಬಾಗಿಲು ತಾಲ್ಲೂಕಿನ ಆವನಿ ಬೆಟ್ಟಕ್ಕೆ ನೀವು ಹೋಗಿರಬಹುದು. ವಾಲ್ಮೀಕಿ ಆಶ್ರಮ ಇದ್ದಿದ್ದು ಅಲ್ಲೇ, ಸೀತಮ್ಮ ಲವಕುಶರನ್ನು ಹೆತ್ತಿದ್ದೂ ಅಲ್ಲೇ ಅಂತ ನಮ್ಮ ಸೀಮೆಯ ನಂಬಿಕೆ. ಆ ವಾಲ್ಮೀಕಿಗೆ ಮೊದಲ ಶ್ಲೋಕ ಬಂದಿದ್ದು ಹೇಗೆ? ಬೇಡನ ಬಾಣಕ್ಕೆ ಗಂಡು ಕ್ರೌಂಚ ಬಿತ್ತು, ಹೆಣ್ಣು ಹಕ್ಕಿ ಗೋಳಿಟ್ಟಿತು. ಕಳೆದುಕೊಂಡಿದ್ದು ಹಕ್ಕಿ. ನೋಡುತ್ತಾ ನಿಂತಿದ್ದವರ ಬಾಯಲ್ಲಿ ಮಾತು ಶ್ಲೋಕವಾಯಿತು. ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸುವುದು ಆ ನಡುವಿನ ಜಾಗ, ಹಕ್ಕಿಗೂ ನೋಡುವವರಿಗೂ ಇರುವ ಅಂತರ. ನಮ್ಮ ಸ್ವಂತ ನೋವನ್ನು ಬರೆಯುವಾಗಲೂ ಅಷ್ಟು ದೂರ ನಾವೇ ನಡೆದುಹೋಗಿ ನಿಲ್ಲಬೇಕಾಗುತ್ತದೆ. ನನ್ನ ಬೋರ್‌ವೆಲ್ ಕಥೆಯಲ್ಲಿ 'ನಾನು' ಹೋಗಿ 'ಹುಡುಗ' ಆಗಿದ್ದು ಅದಕ್ಕೆ.

ಮಾಸ್ತಿಯವರ ಕಥೆಗಳನ್ನು ಈ ಕಣ್ಣಿನಿಂದ ಓದಿ ನೋಡಿ. 1891ರಲ್ಲಿ ಹುಟ್ಟಿದವರು, ನಮ್ಮ ಕೋಲಾರ ಸೀಮೆಯವರೇ. ಮೈಸೂರು ಸರ್ಕಾರದ ಅಧಿಕಾರಿಯಾಗಿ ಊರೂರು ಸುತ್ತಿದವರು. ಅವರ ಎಷ್ಟೋ ಕಥೆಗಳಲ್ಲಿ ಕಥೆ ಹೇಳುವವರು ತಮ್ಮ ಪಾಡು ಹೇಳಿಕೊಳ್ಳುವುದಿಲ್ಲ. ತಾವು ಕಂಡ, ಇನ್ನೊಬ್ಬರಿಂದ ಕೇಳಿದ ಸಂಗತಿಯನ್ನು ಪಡಸಾಲೆಯಲ್ಲಿ ಕೂತು ಹೇಳುವ ಹಾಗೆ ಹೇಳುತ್ತಾರೆ. ದನಿ ಎಲ್ಲೂ ಏರುವುದಿಲ್ಲ. ಅವರ ಮನೆಮಾತು ತಮಿಳು, ಬರೆದದ್ದು ಕನ್ನಡ. ಇದು ನಮ್ಮ ಕಡೆಯ ಬರೆಯುವವರಿಗೆ ತುಂಬಾ ಹತ್ತಿರದ ವಿಷಯ. ಚಿಂತಾಮಣಿ, ಬಾಗೇಪಲ್ಲಿ, ಶ್ರೀನಿವಾಸಪುರ, ಆ ಕಡೆ ಪಾವಗಡದಲ್ಲೂ ಎಷ್ಟೋ ಮನೆಗಳಲ್ಲಿ ಜಗಳ, ಮುದ್ದು, ಅಳು ಎಲ್ಲ ತೆಲುಗಿನಲ್ಲೇ ನಡೆಯುತ್ತದೆ. ನಿಮ್ಮ ಮನೆಯಲ್ಲೂ ಹಾಗಿದ್ದರೆ ಅದನ್ನು ಕೊರತೆ ಅಂದುಕೊಳ್ಳಬೇಡಿ. ತೆಲುಗಿನಲ್ಲಿ ಆಡಿದ ಮಾತನ್ನು ಕನ್ನಡಕ್ಕೆ ತರುವಾಗ ಪ್ರತಿ ಮಾತಿನ ಮುಂದೆಯೂ ಒಂದು ಗಳಿಗೆ ನಿಲ್ಲಲೇಬೇಕು. ಆ ನಿಲ್ಲುವಿಕೆಯಲ್ಲೇ ಬೇಕಾದ ಅಂತರ ಸಿಗುತ್ತದೆ.

ಇನ್ನು 'ಒಂದಕ್ಷರ ಸುಳ್ಳಿಲ್ಲ' ಅನ್ನೋ ಮಾತು. ಇದನ್ನು ನೀವು ಹೆಮ್ಮೆಯಿಂದ ಬರೆದಿದ್ದೀರಿ. ನಾನು ಈಗ ಒಂದು ವಿಷಯ ಹೇಳಲೇಬೇಕು.

ನಿಜವಾಗಿ ಬೋರ್ ಫೇಲಾದ ದಿನ ನಮ್ಮ ಹುಳ ಮೂರನೇ ಜ್ವರದಲ್ಲಿದ್ದವು. ಅವತ್ತು ಅವು ಸೊಪ್ಪು ತಿನ್ನಲೇ ಇಲ್ಲ. ಅಮ್ಮ ಎಲೆ ಒರೆಸಿದ್ದು ಮಾರನೇ ದಿನ ಹುಳ ಎದ್ದ ಮೇಲೆ. ಕಥೆಗಾಗಿ ನಾನು ಎರಡು ದಿನವನ್ನು ಒಂದು ಮಾಡಿದೆ, ಮೂರನೇ ಜ್ವರವನ್ನು ನಾಲ್ಕು ಮಾಡಿದೆ. ಮೂರನೇ ಜ್ವರದಿಂದ ಎದ್ದ ಹುಳ ತಿನ್ನುವಾಗ ಅಷ್ಟು ದೊಡ್ಡ ಸದ್ದು ಬರುವುದಿಲ್ಲ. ಇನ್ನೊಂದು ಬದಲಾವಣೆ ಇದಕ್ಕಿಂತ ದೊಡ್ಡದು. ಅಮ್ಮನ ಪಕ್ಕ ಕೂತು ಎಲೆ ಒರೆಸಿದ್ದು ಅಪ್ಪ ಅಲ್ಲ, ಚಿಕ್ಕಮ್ಮ. ಅಪ್ಪ ಆಗ ಸಾಲ ಕೊಟ್ಟವರ ಮನೆ ಬಾಗಿಲಲ್ಲಿ ನಿಂತಿದ್ದರು.

ಅಪ್ಪನನ್ನು ಅಲ್ಲಿ ಯಾಕೆ ಕೂರಿಸಿದೆ? ಅವತ್ತು ಅವರು ಅಮ್ಮನ ಪಕ್ಕ ಕೂರಬೇಕಿತ್ತು ಅಂತ ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. 10 ವರ್ಷದ ಹುಡುಗನ ಆಸೆ ಅದು. ಆ ಆಸೆ ನಿಜ. ಡೈರಿಯಲ್ಲಿ ಅದಕ್ಕೆ ಜಾಗ ಇರಲಿಲ್ಲ, ಯಾಕಂದರೆ ಅದು ನಡೆದಿಲ್ಲ. ಕಥೆಯಲ್ಲಿ ಜಾಗ ಇತ್ತು. ಆದರೆ ಹೀಗೆ ಬದಲಿಸುವಾಗ ಒಂದರಲ್ಲಿ ಮಾತ್ರ ಕೈ ಬಿಗಿ ಇರಬೇಕು. ಯಾರನ್ನು ಬೇಕಾದರೂ ಅಲ್ಲಿ ಕೂರಿಸಬಹುದು, ಒದ್ದೆ ಸೊಪ್ಪನ್ನು ಹುಳಕ್ಕೆ ಹಾಕಿಸುವ ಹಾಗಿಲ್ಲ. ಅಜ್ಜಿ ಅಲ್ಲೇ ಹಿಡಿಯುತ್ತಾರೆ. ಹಿಡಿದ ಮೇಲೆ ಅಪ್ಪ ಕೂತಿದ್ದನ್ನೂ ನಂಬುವುದಿಲ್ಲ.

'ಮನೆಯವರು ಗುರುತು ಹಿಡಿದು ಬೇಜಾರು ಮಾಡಿಕೊಂಡರೆ?' ಅನ್ನೋ ಭಯ ನಿಮಗಿದ್ದರೆ ಕಥೆಯನ್ನು ಬೇರೆ ಊರಿಗೆ ಸಾಗಿಸಿ. ಬರೀ ಊರಿನ ಹೆಸರು ಬದಲಿಸಿದರೆ ಆಗದು, ಅನ್ನದ ದಾರಿಯನ್ನೇ ಬದಲಿಸಬೇಕು. ನನ್ನ ಕಥೆಯನ್ನು ತಿಪಟೂರಿಗೆ ಒಯ್ದರೆ ಹುಳ ಇಲ್ಲ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುವ ಕೊಬ್ಬರಿ ಇದೆ. ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಗಿಟುಕು, ಅಂದರೆ ಒಣಗಿದ ಕೊಬ್ಬರಿ ಗುಂಡು, ಬಡಿಯುವ ಸದ್ದು ಬರಬೇಕು, ಆಗ ಒಣಗಿದೆ ಅಂತ ಲೆಕ್ಕ. ಸಾಲದವರು ಜಗಲಿಯ ಮೇಲೆ ಕೂತಿರುವಾಗ ಅಟ್ಟದಲ್ಲಿ ಒಬ್ಬ ಹೆಂಗಸು ಒಂದೊಂದೇ ಕಾಯಿ ಅಲ್ಲಾಡಿಸಿ ಕೇಳುತ್ತಾಳೆ. ಅದೇ ನೋವು, ಆದರೆ ಈಗ ಅವಳು ನನ್ನ ಅಮ್ಮ ಅಲ್ಲ. ಹೀಗೆ ಮಾಡಿದಾಗ ನನಗೆ ಗೊತ್ತಿಲ್ಲದ್ದನ್ನೂ ಅವಳು ಮಾಡೋಕೆ ಶುರು ಮಾಡುತ್ತಾಳೆ. ಆ ಗಳಿಗೆ ಬಂದರೆ ಬರವಣಿಗೆ ಸುಲಭ.

ಎಷ್ಟು ದಿನ ಕಾಯಬೇಕು ಅಂತ ಕೆಲವರು ಕೇಳುತ್ತಾರೆ. ನನಗೆ 12 ವರ್ಷ ಬೇಕಾಯ್ತು. ನಿಮಗೆ ಒಂದೂವರೆ ವರ್ಷ ಸಾಕಾಗಬಹುದು. ಇದಕ್ಕೆ ಲೆಕ್ಕ ಇಲ್ಲ.

ನಿಮ್ಮ ಕಥೆ ಎಲ್ಲಿದೆ ಅನ್ನೋದು ನಿಮ್ಮ ಪ್ರಶ್ನೆಯಲ್ಲೇ ಇದೆ. ದಾರಿ ಮೇಲೆ ಹೋಗುವಾಗ ಹೇಳಿದ ಹಾಗೆ ಎರಡು ಸಾಲು ಬರೆದು ಮುಂದೆ ಹೋಗಿದ್ದೀರಿ. ತಮ್ಮ ದಿನಾ ಬೆಳಗ್ಗೆ ಅಪ್ಪನ ಗಾಡಿ ಸ್ಟಾರ್ಟ್ ಮಾಡಿ ಆಫ್ ಮಾಡುತ್ತಾನೆ. ಸಾವಿನ ದಿನವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆ ಬೆಳಗ್ಗೆಯಿಂದ ಶುರು ಮಾಡಿ. ಗಾಡಿ ಸದ್ದು ಕೇಳಿದಾಗ ನಿಮ್ಮ ಅಮ್ಮ ಒಳಗೆ ಏನು ಮಾಡುತ್ತಿರುತ್ತಾರೆ? ಅವನು ಒಂದು ದಿನವಾದರೂ ಗಾಡಿ ಓಡಿಸಿದ್ದಾನಾ? ಎಷ್ಟು ಹೊತ್ತು ಆನ್ ಇಟ್ಟಿರುತ್ತಾನೆ? ಒಂದೂವರೆ ವರ್ಷದಿಂದ ದಿನಾ ಸ್ಟಾರ್ಟ್ ಆಗುತ್ತಿದೆ ಅಂದರೆ ನಡುವೆ ಪೆಟ್ರೋಲ್ ಖಾಲಿ ಆಗಿರಲೇಬೇಕು. ಹಾಕಿಸಿಕೊಂಡು ಬಂದಿದ್ದು ಯಾರು?