ಇಂಗ್ಲಿಷ್ ಮಾತ್ರ ಅನ್ನೋ ಶಾಲೆಯಲ್ಲಿ ಮನೆಮಾತಿಗೆ ಜಾಗ ಎಲ್ಲಿ?

ಪ್ರಶ್ನೆ: ನಾನು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ 4ನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಗೇಟಿನ ಒಳಗೆ ಇಂಗ್ಲಿಷ್ ಬಿಟ್ಟು ಬೇರೇನೂ ಮಾತಾಡುವಂತಿಲ್ಲ, ಮಾತಾಡಿದರೆ ದಂಡ. ಮಕ್ಕಳ ಮನೆಯಲ್ಲಿ ಕನ್ನಡ, ತೆಲುಗು, ಉರ್ದು. ಕೆಲಸಕ್ಕೆ ಕುತ್ತು ಬಾರದ ಹಾಗೆ ನಾನೇನು ಮಾಡಬಹುದು?

ಉತ್ತರ: ಮೊದಲು ಆ ನಿಯಮ ಎಲ್ಲಾದರೂ ಬರೆದಿದೆಯಾ ನೋಡಿ. ಎಷ್ಟೋ ಕಡೆ ಅದು ಅಸೆಂಬ್ಲಿಯಲ್ಲಿ ಹೇಳಿದ ಮಾತು, ಅಷ್ಟೇ. ಬರೆದಿದ್ದರೂ ಅದು ಹಿಡಿಯುವುದು ಬಾಯಲ್ಲಿ ಆಡಿದ ಮಾತನ್ನು ಮಾತ್ರ. ಮಕ್ಕಳು ಯಾವ ಭಾಷೆಯಲ್ಲಿ ಯೋಚಿಸಬೇಕು, ರಫ್ ನೋಟಿನಲ್ಲಿ ಏನು ಗೀಚಬೇಕು ಅಂತ ಯಾವ ನಿಯಮವೂ ಹೇಳಲ್ಲ. ನಿಮ್ಮ ಕೆಲಸ ಶುರುವಾಗುವುದು ಅಲ್ಲಿಂದ.

ಎವಾಪೊರೇಷನ್, ಅಂದರೆ ನೀರು ಆವಿಯಾಗುವ ಪಾಠ ತಗೊಳ್ಳಿ. ಡೆಫಿನಿಷನ್ ಕೇಳಿದರೆ ಮಕ್ಕಳು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ಮಳೆಗಾಲದಲ್ಲಿ ಬಟ್ಟೆ ಯಾಕೆ ಬೇಗ ಒಣಗಲ್ಲ ಅಂತ ಇಂಗ್ಲಿಷಿನಲ್ಲಿ ಕೇಳಿ, ಎಲ್ಲರೂ ಗಪ್‌ಚುಪ್. ಅದನ್ನೇ ಮನೆಮಾತಿನಲ್ಲಿ ಕೇಳಿ ನೋಡಿ. ಬಿಸಿಲಿಲ್ಲ ಮಿಸ್. ಅಮ್ಮ ಯೂನಿಫಾರ್ಮನ್ನು ಫ್ಯಾನ್ ಕೆಳಗೆ ಹರವುತ್ತಾರೆ. ಮುದ್ದೆ ಮಾಡಿ ಬಿಟ್ಟರೆ ಮುಗ್ಗಲು ವಾಸನೆ ಬರುತ್ತೆ. ಶಾಖ, ಗಾಳಿ, ಹರಡಿದಷ್ಟೂ ಬೇಗ ಒಣಗುವುದು, ಮೂರೂ ಬಂತಲ್ವಾ? ಪಾಠ ಅವರ ಹತ್ತಿರ ಮೊದಲೇ ಇತ್ತು.

ಹಾಗಾಗಿ ಬರೆಸುವ ಮೊದಲು ಎರಡೇ ನಿಮಿಷ ಕೊಡಿ. ಒಂದೇ ಮನೆಮಾತಿನವರನ್ನು ಜೋಡಿ ಮಾಡಿ ಮಾತಾಡಿಕೊಳ್ಳಲು ಬಿಡಿ. ಆಮೇಲೆ ಇಂಗ್ಲಿಷಿನಲ್ಲಿ ಬರೆಯಲಿ. ನಿಮಗೆ ತೆಲುಗು, ಉರ್ದು ಬರಬೇಕು ಅಂತೇನಿಲ್ಲ. ಜೋಡಿ ಸಿಗದ ಮಗು ಚಿತ್ರ ಬಿಡಿಸಿ, ಪಕ್ಕದಲ್ಲಿ ತನ್ನ ಭಾಷೆಯ ಮಾತು ಬರೆದುಕೊಳ್ಳಲಿ. ಲೆಸನ್ ಪ್ಲಾನಿನಲ್ಲಿ ಇದನ್ನು 'ಇಂಗ್ಲಿಷ್ ಬರವಣಿಗೆಗೆ ತಯಾರಿ' ಅಂತ ಹಾಕಿ. ಅದು ಸುಳ್ಳೂ ಅಲ್ಲ. ಭಿನ್ನರಾಶಿ ಪಾಠ ಬಂದಾಗ ಪಾವು, ಸೇರಿನ ಲೆಕ್ಕ ಅಜ್ಜಿಯನ್ನು ಕೇಳಿಕೊಂಡು ಬರಲು ಹೇಳಿ. ನಾಲ್ಕು ಪಾವಿಗೆ ಒಂದು ಸೇರು ಅಂತ ಗೊತ್ತಾದರೆ ಕಾಲು ಭಾಗ ಬೋರ್ಡಿನಿಂದ ಅಡುಗೆಮನೆಗೆ ಇಳಿಯುತ್ತದೆ. ಮನೆಯಲ್ಲಿ ಆಡುವ ಮಾತಿಗೆ ಗೇಟಿನ ನಿಯಮ ತಾಗಲ್ಲ.

ಇನ್ನು ದಂಡದ ವಿಷಯ. ಬೇರೆ ಭಾಷೆ ಮಾತಾಡಿದವರ ಹೆಸರನ್ನು ಕ್ಲಾಸ್ ಲೀಡರ್ ಕೈಯಲ್ಲಿ ಬರೆಸುವುದು ನಮ್ಮವರೇ ಕಂಡುಹಿಡಿದ ಪದ್ಧತಿ ಅಲ್ಲ. 19ನೇ ಶತಮಾನದಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ, ಶಾಲೆಯೊಳಗೆ ತನ್ನ ಮನೆಮಾತು ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರು. ಇನ್ನೊಂದು ಮಗು ಸಿಕ್ಕಿಬಿದ್ದರೆ ತುಂಡು ಅದರ ಕೊರಳಿಗೆ. ಸಂಜೆ ಯಾರ ಹತ್ತಿರ ಉಳಿಯುತ್ತೋ ಅವರಿಗೆ ಏಟು. ಮಕ್ಕಳನ್ನೇ ಮಕ್ಕಳ ಮೇಲೆ ಕಾವಲಿಗೆ ಬಿಡುವ ಈ ಬುದ್ಧಿ ನನಗಂತೂ ಅಸಹ್ಯ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆಯುವುದರ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ದಂಡ, ಅವಮಾನದ ಬಗ್ಗೆ ಹೆಡ್ ಮಿಸ್ ಹತ್ತಿರ ಮಾತಾಡುವಾಗ ಇದನ್ನು ಮುಂದಿಡಿ.

ಮೀಡಿಯಂ ಬದಲಿಸಿ ಅಂತ ಮಾತ್ರ ಜಗಳಕ್ಕೆ ಇಳಿಯಬೇಡಿ. ಖಾಸಗಿ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಕರ್ನಾಟಕದ ಕೇಸಿನಲ್ಲೇ ಹೇಳಿದೆ. 2020ರ ಶಿಕ್ಷಣ ನೀತಿ ಕನಿಷ್ಠ 5ನೇ ಕ್ಲಾಸಿನವರೆಗೆ ಮನೆಮಾತಿನಲ್ಲಿ ಕಲಿಸಿ ಅಂದರೂ, 'ಸಾಧ್ಯವಾದ ಕಡೆ' ಅಂತ ಸೇರಿಸಿದೆ.

ನಿಜವಾದ ಒತ್ತಡ ಬರುವುದು ಅಪ್ಪ ಅಮ್ಮಂದಿರಿಂದ. ಫೀಸು ಕಟ್ಟಿದ್ದೇ ಇಂಗ್ಲಿಷಿಗೆ ಅಂತಾರೆ, ಅದರಲ್ಲಿ ತಪ್ಪೇನಿಲ್ಲ. ಕೆನಡಾದಲ್ಲಿ ವಲಸೆ ಬಂದ ಮಕ್ಕಳನ್ನು ಗಮನಿಸಿದ ಭಾಷಾ ಕಲಿಕೆಯ ಸಂಶೋಧಕ ಜಿಮ್ ಕಮಿನ್ಸ್, ಆಡುಮಾತಿನ ಇಂಗ್ಲಿಷ್ ಸುಮಾರು 2 ವರ್ಷಕ್ಕೆ ಬಂದರೂ ಪಾಠದ ಇಂಗ್ಲಿಷಿಗೆ 5ರಿಂದ 7 ವರ್ಷ ಬೇಕು ಅಂದರು. ಅದೂ ಬೀದಿಯಲ್ಲೆಲ್ಲ ಇಂಗ್ಲಿಷ್ ಇರುವ ಊರಲ್ಲಿ! ಅಲ್ಲಿಯವರೆಗೆ ಮಗು ಅರ್ಥವಾಗದೆ ಕೂತಿರಬೇಕಾ? ಪೇರೆಂಟ್ಸ್ ಮೀಟಿಂಗಿನಲ್ಲಿ ಎರಡು ಹಾಳೆ ತೋರಿಸಿ, ಮಗು ಸುಮ್ನೆ ಬರೆದದ್ದು ಒಂದು, ಮಾತಾಡಿಕೊಂಡ ಮೇಲೆ ಬರೆದದ್ದು ಇನ್ನೊಂದು. ಎರಡೂ ಇಂಗ್ಲಿಷಿನಲ್ಲೇ ಇರಲಿ. ಹೋಲಿಸುವ ಕೆಲಸ ಅವರಿಗೇ ಬಿಡಿ.